ಎಳೆಯದೆ ನಿಂತವಳು

ಒಂದು ಮಾವಿನ ಮರದಲ್ಲಿ ಚಗಳಿ ಇರುವೆಗಳ ಹಳೆಯ ಗೂಡು ಹರಿದು, ಮೊಟ್ಟೆಗಳು ಬಿಸಿಲಿಗೆ ಬಿದ್ದವು. ಅವು ಒಣಗಿಹೋಗುವ ಮೊದಲು, ಅಂದರೆ ಮಧ್ಯಾಹ್ನದೊಳಗೆ, ಎರಡು ಎಲೆ ಮಡಚಿ ಹೊಸ ಗೂಡು ಕಟ್ಟಬೇಕೆಂದು ಮೇಸ್ತ್ರಿ ಕೆಂಚವ್ವ ತೀರ್ಮಾನಿಸಿದಳು. ಚಗಳಿಗಳು ಒಂದರ ಸೊಂಟವನ್ನು ಇನ್ನೊಂದು ಕಚ್ಚಿ, ಸರಪಳಿಯಾಗಿ ಎಲೆಯನ್ನು ಎಳೆಯುತ್ತವೆ. ಎಲ್ಲರಿಗಿಂತ ಹಿಂದಿರುವವಳು ಮಾತ್ರ ಎಳೆಯದೆ ಕೊಂಬೆಯನ್ನು ಹಿಡಿದು ನಿಲ್ಲುತ್ತಾಳೆ. ಅಂದು ಹಾಗೆ ನಿಂತಿದ್ದವಳು ಗೌರಕ್ಕ.

"ಏನೇ ಗೌರಕ್ಕ, ಎಲ್ಲರೂ ಸೊಂಟ ಮುರಿದುಕೊಂಡು ಎಳೆಯುತ್ತಿದ್ದರೆ ನೀನು ಕೊಂಬೆ ತಬ್ಬಿಕೊಂಡು ತೂಕಡಿಸುತ್ತೀಯಾ?" ಎಂದಳು ಕೆಂಚವ್ವ.

"ನಾನು ಎಳೆಯುವುದಿಲ್ಲ, ನಿಜ ಕಣವ್ವ. ಆದರೆ ಅವರೆಲ್ಲ ಎಳೆಯುವುದು ನನ್ನನ್ನು ನಂಬಿಕೊಂಡು."

"ಸಾಕು ಮಾತು! ಮೊದಲು ಗೂಡಾಗಲಿ, ಜೋಪಾನ ಆಮೇಲೆ. ಮುಂದೆ ಬಂದು ಎಳಿ."

ಗೌರಕ್ಕ ಮುಂದೆ ಬಂದು ಎಲೆಯ ಅಂಚನ್ನೇ ಕಚ್ಚಿದಳು. ಎಳೆಯುವವರು ಒಬ್ಬರು ಹೆಚ್ಚಾದ್ದರಿಂದ ಎಲೆ ಬೇಗ ಬಾಗಿತು. ತನ್ನ ಲೆಕ್ಕ ಸರಿಯಾಯಿತೆಂದು ಕೆಂಚವ್ವ ಹಿಗ್ಗಿದಳು. ಅಷ್ಟರಲ್ಲಿ ಬಾಗಿದ ಎಲೆ ಹಿಂದಕ್ಕೆ ಚಿಮ್ಮಿತು. ಹಿಂದೆ ಕೊಂಬೆ ಹಿಡಿದವರು ಇರಲಿಲ್ಲವಾದ್ದರಿಂದ ಸರಪಳಿ ಕಳಚಿ, ಹನ್ನೊಂದು ಮಂದಿ ಕೆಳಗೆ ನೆಲ ಕೆದಕುತ್ತಿದ್ದ ಕೋಳಿಯ ಮುಂದೆ ಬಿದ್ದರು. ಅವರಲ್ಲಿ ಯಾರೂ ಮೇಲೆ ಬರಲಿಲ್ಲ.

ಎಲೆಗೆ ಅಂಟಿಕೊಂಡು ಉಳಿದಿದ್ದ ಗೌರಕ್ಕನನ್ನು ಕೆಂಚವ್ವ ಕೇಳಿದಳು: "ಈಗ ಎಷ್ಟು ಎಲೆ ಮಡಚಲಾದೀತು?"

"ಉಳಿದವರಿಂದ ಒಂದೇ."

"ಹಾಗಾದರೆ ಯಾರು ಎಲ್ಲಿ ಹಿಡಿಯಬೇಕೆಂದು ಮೊದಲು ನೀನು ಹೇಳು. ಎಳೆಯುವ ಲೆಕ್ಕವನ್ನು ಆಮೇಲೆ ನಾನು ಹಾಕುತ್ತೇನೆ."

ಮಧ್ಯಾಹ್ನದೊಳಗೆ ಒಂದು ಎಲೆ ಮಡಚಿ ಗೂಡಾಯಿತು. ಅದರೊಳಗೆ ಅರ್ಧ ಮೊಟ್ಟೆಗಳಿಗೆ ಮಾತ್ರ ಜಾಗವಿತ್ತು.