ಎಂಜಿನ್ನಿನ ಕೆಳಗಿನ ಮುಚ್ಚಳ

“ಗುರುಗಳೇ, ನೊಂದವರಿಗೆ ನೋವು ತಿಳಿಯುತ್ತದೆ ಎನ್ನುತ್ತಾರೆ. ನಾನು ನೋಡಿದ ಜನ ಹಾಗಿಲ್ಲ. ತಾವು ಪಟ್ಟ ಪಾಡನ್ನೇ ಇನ್ನೊಬ್ಬರಿಗೂ ಪಡಿಸುತ್ತಾರೆ. ಇದು ಏಕೆ?”

ಕೇಳಿದವನು ಚನ್ನವೀರ. ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುವ ಶಿಷ್ಯ. ಜನರ ಮೇಲಿನ ಇಂಥ ದೂರನ್ನು ಅವನು ತಂದದ್ದು ಆ ತಿಂಗಳಲ್ಲಿ ಅದು ಮೂರನೆಯ ಸಲ. ಗುರುಗಳು ಓದುತ್ತಿದ್ದ ಪತ್ರವನ್ನು ಮಡಿಸಿ ಪಕ್ಕಕ್ಕಿಟ್ಟರು. ಕೂತುಕೋ ಎಂದು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗುಮಾಸ್ತನಿದ್ದ. ಜನನ ಮರಣದ ದಾಖಲೆಗಳಲ್ಲಿ ತಪ್ಪಿದ್ದರೆ ತಿದ್ದಿಕೊಡುವುದು ಅವನ ಕೆಲಸ. ಕೆಟ್ಟವನಲ್ಲ. ಯಾರ ಕೈಯಿಂದಲೂ ಒಂದು ಲೋಟ ಕಾಫಿಯನ್ನು ಕೂಡ ಬಯಸಿದವನಲ್ಲ. ಅವನ ಬಳಿ ಒಂದು ಹಳೆಯ ಕಾರು ಇತ್ತು. ಒಮ್ಮೆ ಗ್ಯಾರೇಜಿನವರು ಆಯಿಲ್ ಬದಲಿಸಿ ತಳದ ಬೋಲ್ಟನ್ನು ಸಡಿಲ ಬಿಟ್ಟಿದ್ದರು. ಅರ್ಧ ದಾರಿಯಲ್ಲಿ ಆಯಿಲ್ ಎಲ್ಲ ಸೋರಿಹೋಯಿತು. ನನ್ನ ಕಾರಿಗೆ ಇನ್ನು ನನ್ನ ಕೈಯೇ ಸಾಕು ಎಂದು ಅವನು ಅಂದಿನಿಂದ ಮನೆಯಲ್ಲೇ ಆಯಿಲ್ ಬದಲಿಸತೊಡಗಿದ.

ಕೆಲಸ ದೊಡ್ಡದಲ್ಲ. ಎಂಜಿನ್ನಿನ ತಳದಲ್ಲಿ ಒಂದು ಬೋಲ್ಟು ಇರುತ್ತದೆ. ಅದನ್ನು ಬಿಚ್ಚಿದರೆ ಹಳೆಯ ಆಯಿಲ್ ಇಳಿದುಹೋಗುತ್ತದೆ. ಮತ್ತೆ ಬಿಗಿದು ಮೇಲಿನಿಂದ ಹೊಸದನ್ನು ಸುರಿದರೆ ಮುಗಿಯಿತು. ಆದರೆ ಆ ಬೋಲ್ಟು ಕೈಗೆ ಸಿಗುವುದಿಲ್ಲ. ಕೆಸರು ಕಲ್ಲು ತಾಗದಿರಲಿ ಎಂದು ಎಂಜಿನ್ನಿನ ಕೆಳಗೆ ಅಗಲವಾದ ಕರಿಯ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಕೂರಿಸಿರುತ್ತಾರೆ. ಈ ಕಾರಿನ ಮುಚ್ಚಳಕ್ಕೆ ಒಂಬತ್ತು ಬೋಲ್ಟು, ನಾಲ್ಕು ಕ್ಲಿಪ್ಪು. ಹದಿಮೂರನ್ನೂ ಬಿಚ್ಚದೆ ಆ ಒಂದನ್ನು ಮುಟ್ಟುವಂತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಗುಮಾಸ್ತ ಕಾರಿನ ಮುಂದಿನ ಚಕ್ರಗಳನ್ನು ಎರಡು ದಿಮ್ಮಿಗಳ ಮೇಲೆ ಹತ್ತಿಸಿದ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದ. ಮೂರು ಬೋಲ್ಟು ಸಲೀಸಾಗಿ ಬಂದವು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಸ್ಪಾನರ್ ಜಾರಿ ಬೆರಳಿನ ಗೆಣ್ಣು ಸುಲಿಯಿತು. ಐದನೆಯದರ ಅಳತೆಯೇ ಬೇರೆ. ಇನ್ನೊಂದು ಸ್ಪಾನರ್ ತರಲು ಹೊರಗೆ ಬಂದು ಮತ್ತೆ ತೂರಬೇಕಾಯಿತು. ಮೊದಲನೆಯ ಕ್ಲಿಪ್ಪು ಮುರಿದೇ ಕೈಗೆ ಬಂತು. ಮುಚ್ಚಳದ ಒಂದು ಮೂಲೆ ಕಳಚಿ, ವರ್ಷದ ಮಣ್ಣು ಬಾಯಿಗೆ ಬಿತ್ತು. ಅವನು ಉಗುಳಿ ಬೈಯತೊಡಗಿದ.

ಆಗ ಕಾರಿನ ಪಕ್ಕದಲ್ಲಿ ಎರಡು ಸವೆದ ಚಪ್ಪಲಿಗಳು ಬಂದು ನಿಂತದ್ದು ಕಾಣಿಸಿತು.

“ಯಾರದು?”

“ನಾನು ಸಾರ್, ಬಟ್ಟೆ ಹೊಲಿಯುವವಳು. ನನ್ನ ಮಗಳು ನಾಗವೇಣಿಯ ಕಾಗದದ ವಿಷಯ.”

ಅವಳ ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆದರೆ ಜನನ ದಾಖಲೆಯಲ್ಲಿ ಯಾರೋ ನಾಗವೇಣಿಯನ್ನು ನಾಗವಾಣಿ ಎಂದು ಬರೆದಿದ್ದರು. ಆ ಒಂದು ಅಕ್ಷರ ತಿದ್ದಿ ಗುಮಾಸ್ತ ಸಹಿ ಹಾಕಬೇಕಾಗಿತ್ತು. ಮೊದಲ ಸಲ ಹೋದಾಗ ಅವನು ಶಾಲೆಯ ಪತ್ರ ತರಲು ಹೇಳಿದ. ಅದನ್ನು ತಂದಾಗ ಆಸ್ಪತ್ರೆಯ ಪತ್ರ ಎಂದ. ಅದನ್ನು ತಂದಾಗ ಅಫಿಡವಿಟ್ಟು ಎಂದ. ಆಮೇಲೆ ಇಬ್ಬರು ನೆರೆಯವರ ಹೇಳಿಕೆ. ಏನೇನು ಬೇಕು ಎಂದು ಒಟ್ಟಿಗೆ ಅವನೂ ಹೇಳಲಿಲ್ಲ, ಕೇಳುವ ಧೈರ್ಯ ಅವಳಿಗೂ ಬರಲಿಲ್ಲ. ಪ್ರತಿ ಸಲವೂ ಅವಳ ಅರ್ಧ ದಿನದ ಹೊಲಿಗೆ ನಿಲ್ಲುತ್ತಿತ್ತು.

“ಇವತ್ತು ರಜೆ ಅಮ್ಮಾ. ನಾಳೆ ಕಚೇರಿಗೆ ಬನ್ನಿ,” ಎಂದ ಗುಮಾಸ್ತ ಕೆಳಗಿನಿಂದ.

“ನಾಲ್ಕು ಸಲ ಬಂದೆ ಸಾರ್. ನಾಡಿದ್ದು ಬೆಳಿಗ್ಗೆ ಕಾಲೇಜಿಗೆ ಕಾಗದ ಕೊಡಬೇಕು. ನಾಳೆ ಆಗದಿದ್ದರೆ ಸೀಟು ಹೋಗುತ್ತದೆ.”

ಅಷ್ಟರಲ್ಲಿ ಅವನ ಕೈಯಿಂದ ಒಂದು ಬೋಲ್ಟು ಜಾರಿ ಉರುಳಿತು. “ಅದನ್ನು ಹಿಡಿಯಿರಿ!” ಎಂದು ಕೂಗಿದ. ಅವಳು ಚರಂಡಿಯ ಅಂಚಿನಲ್ಲಿ ಅದನ್ನು ಹಿಡಿದಳು. ಮತ್ತೆ ಹೋಗಲು ಮನಸ್ಸು ಬರದೆ ಅಲ್ಲೇ ಕುಳಿತಳು. ಅವನು ಒಂದೊಂದಾಗಿ ಬಿಚ್ಚಿ ಕೊಟ್ಟದ್ದನ್ನು ಯಾವುದು ಎಲ್ಲಿಯದು ಎಂದು ತಪ್ಪದಂತೆ ಸೆರಗಿನ ಮೇಲೆ ಸಾಲಾಗಿ ಇಟ್ಟುಕೊಂಡಳು.

ಗುಮಾಸ್ತನ ಬಾಯಿ ನಿಲ್ಲಲಿಲ್ಲ. “ನೋಡಿದಿರಾ ಅಮ್ಮಾ! ಒಂದನ್ನು ತೆಗೆಯುವುದಕ್ಕೆ ಹದಿಮೂರು! ಇದು ಮುಗಿಯಿತು ಎಂದರೆ ಇನ್ನೊಂದು, ಅದು ಮುಗಿಯಿತು ಎಂದರೆ ಮತ್ತೊಂದು. ಇದನ್ನು ಮಾಡಿದವನು ಫ್ಯಾನಿನ ಕೆಳಗೆ, ಮೇಜಿನ ಮುಂದೆ ಕುಳಿತು ಗೆರೆ ಎಳೆದವನು. ಒಂದು ದಿನ ಈ ನೆಲದ ಮೇಲೆ ಬಿದ್ದುಕೊಂಡಿದ್ದರೆ ಹೀಗೆ ಮಾಡುತ್ತಿದ್ದನೇ? ಕೆಳಗಿರುವವನ ಗತಿ ಏನು ಎಂದು ಅವನಿಗೇಕೆ ಬೇಕು!”

“ಅದೇ ಸಾರ್,” ಎಂದಳು ಅವಳು.

ಆಯಿಲ್ ಇಳಿಯಲು ಕಾಲು ಗಂಟೆ ಸಾಕಾಯಿತು. ಮುಚ್ಚಳವನ್ನು ಮತ್ತೆ ಕೂರಿಸಲು ಒಂದೂವರೆ ಗಂಟೆ ಹಿಡಿಯಿತು. ಒಂದು ತುದಿ ಕೂತರೆ ಇನ್ನೊಂದು ಜಾರುತ್ತಿತ್ತು. ಕೊನೆಗೆ ಅವಳೇ ಮೊಣಕಾಲೂರಿ, ಕಾರಿನ ಕೆಳಗೆ ಕೈ ಚಾಚಿ, ಎರಡೂ ಅಂಗೈಯಿಂದ ಅದನ್ನು ಎತ್ತಿ ಹಿಡಿದಳು. ಅವನು ಬಿಗಿದ. ಮುರಿದ ಕ್ಲಿಪ್ಪಿನ ಜಾಗದಲ್ಲಿ ತಂತಿ ಕಟ್ಟಿದ.

ಹೊರಗೆ ಬಂದು ನೋಡಿದರೆ ಅವಳ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಗುಮಾಸ್ತನಿಗೆ ನಾಚಿಕೆಯಾಯಿತು. ಹೆಂಡತಿಯನ್ನು ಕರೆದು ಸೋಪು ಕೊಡಿಸಿದ, ಕಾಫಿ ಕೊಡಿಸಿದ. ನೀವಿಲ್ಲದಿದ್ದರೆ ನಾನಿನ್ನೂ ಕೆಳಗೇ ಇರುತ್ತಿದ್ದೆ ಎಂದ. ಆಮೇಲೆ ಅವಳ ಕಾಗದಗಳನ್ನು ಇಸಿದುಕೊಂಡು ಒಂದೊಂದಾಗಿ ನೋಡಿದ. ನೆರೆಯವರ ಹೇಳಿಕೆಯ ಮೇಲೆ ಒಂದು ಮುದ್ರೆ ಇರಲಿಲ್ಲ. “ಇದೊಂದು ಹಾಕಿಸಿಕೊಂಡು ನಾಳೆ ಬನ್ನಿ. ಕೆಲಸ ಆಯಿತೆಂದೇ ತಿಳಿಯಿರಿ,” ಎಂದ. ಅವಳು ಕೈ ಮುಗಿದು ಹೋದಳು. ಮನೆಯಲ್ಲಿ ಮಗಳಿಗೆ ಪೆಟ್ಟಿಗೆ ಜೋಡಿಸಿಕೊಳ್ಳಲು ಹೇಳಿದಳು.

ಸೋಮವಾರ ಬೆಳಿಗ್ಗೆ ಅವಳು ಮುದ್ರೆ ಹಾಕಿಸಿಕೊಂಡು ಹತ್ತೂವರೆಗೆ ಕಚೇರಿಯಲ್ಲಿದ್ದಳು. ಗುಮಾಸ್ತನ ಕುರ್ಚಿ ಖಾಲಿಯಿತ್ತು. ದಾರಿಯಲ್ಲಿ ತಂತಿ ತುಂಡಾಗಿ, ಮುಚ್ಚಳ ರಸ್ತೆಗೆ ಉಜ್ಜುತ್ತ ಬಂದು, ಒಂದು ಉಬ್ಬಿಗೆ ಸಿಕ್ಕಿ ಅರ್ಧ ಹರಿದಿತ್ತು. ಕಚೇರಿಗೆ ಉಟ್ಟ ಬಟ್ಟೆಯಲ್ಲೇ ಅವನು ರಸ್ತೆಯ ಮೇಲೆ ಮಲಗಿ ಅದನ್ನು ಬಿಚ್ಚಬೇಕಾಯಿತು. ಬಂದಾಗ ಮೂರು ಗಂಟೆ. ಬಂದವನು ಪಕ್ಕದ ಮೇಜಿನವರಿಗೆ, ಎದುರು ಮೇಜಿನವರಿಗೆ, ನೀರು ಕೊಡುವವನಿಗೆ ಮುಚ್ಚಳದ ಕತೆಯನ್ನು ಮೊದಲಿನಿಂದ ಹೇಳಿದ. ಎಲ್ಲರೂ ಅಯ್ಯೋ ಎಂದರು.

ನಾಲ್ಕೂವರೆಗೆ ಅವಳನ್ನು ಕರೆದ. ಕಾಗದಗಳನ್ನು ತಿರುವಿದ. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ನಿಮ್ಮ ಯಜಮಾನರ ಹೆಸರಿಗೆ ಇನಿಷಿಯಲ್ ಇದೆ. ಅಲ್ಲಿ ಇಲ್ಲ. ಎರಡೂ ಒಬ್ಬರದೇ ಎಂದು ಒಂದು ಪತ್ರ ಬೇಕಲ್ಲ ಅಮ್ಮಾ.”

ಹೆಂಗಸು ಮೇಜಿನ ಮೇಲಿನ ಕಾಗದಗಳನ್ನು ಒಟ್ಟುಮಾಡಿಕೊಂಡಳು. ಆಮೇಲೆ ಹೇಳಿದಳು: “ಸಾರ್, ನಿನ್ನೆ ಕಾರಿನ ಕೆಳಗೆ ಮಲಗಿ ನೀವು ಏನು ಹೇಳಿದಿರೋ, ಈ ಮೇಜಿನ ಮುಂದೆ ನಿಂತು ನಾನೂ ಅದನ್ನೇ ಹೇಳಬೇಕಾಗಿದೆ.”

ಗುಮಾಸ್ತನ ಮುಖ ಅರಳಿತು. ಅವನು ಪಕ್ಕದ ಮೇಜಿನತ್ತ ತಿರುಗಿದ. “ಕೇಳಿದಿರಾ? ಇವರೂ ಅಲ್ಲೇ ಇದ್ದರು, ಕಣ್ಣಾರೆ ನೋಡಿದ್ದಾರೆ. ಆ ಮುಚ್ಚಳ ಮಾಡಿದವನಿಗೆ ಬುದ್ಧಿಯೇ ಇಲ್ಲ ಎಂದು ಇವರೂ ಹೇಳುತ್ತಿದ್ದಾರೆ!”

ಐದು ಗಂಟೆಗೆ ಕಚೇರಿ ಮುಚ್ಚಿತು. ಮರುದಿನ ಬೆಳಿಗ್ಗೆ ನಾಗವೇಣಿಯ ಸೀಟು ಪಟ್ಟಿಯಲ್ಲಿ ಅವಳ ಕೆಳಗಿದ್ದವರಿಗೆ ಹೋಯಿತು. ಆ ವಾರದ ಕೊನೆಗೆ ದಾಖಲೆ ತಿದ್ದಿ ಬಂತು; ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಹುಡುಗಿ ಒಂದು ವರ್ಷ ತಾಯಿಯ ಪಕ್ಕದಲ್ಲಿ ಕುಳಿತು ಗುಂಡಿಗಳ ಕಾಜ ಹೊಲಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ಕುಳಿತಿರಲು ಆಗಲಿಲ್ಲ. ಎದ್ದು ನಿಂತ.

“ಎಂಥ ಮನುಷ್ಯ ಗುರುಗಳೇ! ಅಷ್ಟು ಬಿಡಿಸಿ ಹೇಳಿದರೂ, ಆ ಮಾತು ಹೇಳಿದ್ದು ತನಗೇ ಎಂದು ಅವನಿಗೆ ತಿಳಿಯಲಿಲ್ಲವೇ? ಅವನನ್ನು ನೆನೆದರೆ ನನಗೆ ಮೈ ಉರಿಯುತ್ತದೆ!”

ಗುರುಗಳು ಅವನ ಮುಖವನ್ನೇ ನೋಡಿದರು.

“ಚನ್ನವೀರ, ಈ ಕತೆಯನ್ನು ನಾನು ಹೇಳಿದ್ದು ಯಾರಿಗೆ?”

ನಿಂತಿದ್ದ ಶಿಷ್ಯ ಮೆಲ್ಲಗೆ ಮತ್ತೆ ಕುಳಿತುಕೊಂಡ.