ಏಳನೆಯ ಅಪಾಯದ ಪಕ್ಕದ ಕುರ್ಚಿ

ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ಹಬೆ ನುಗ್ಗಿ ನೂಲು ತೆಗೆಯುವ ಹೆಂಗಸೊಬ್ಬಳ ಕೈ ಬೆಂದಿತು. ಅಪಾಯಗಳನ್ನು ತೂಗಿ ಸಾಲಿಗೆ ನಿಲ್ಲಿಸಲು ತಜ್ಞ ವರದರಾಜು ಬಂದರು. ಎರಡೆರಡು ಕಾರಣಗಳನ್ನು ಎದುರುಬದುರು ಇಟ್ಟು, ಯಾವುದು ಹೆಚ್ಚೆಂದು ಅಂಕ ಕೊಡುವುದು ಅವರ ಪದ್ಧತಿ. ಮಾಲೀಕರು ಹೋಳಿಗೆ ಊಟ ಹಾಕಿಸಿ, “ಕೆಲಸದವರ ಅಜಾಗ್ರತೆಯೇ ಮೊದಲು, ಅಲ್ವೇ?” ಅಂದಿದ್ದರು. ಅಂಕಗಳೂ ಹೋಳಿಗೆಯ ಕಡೆಗೇ ವಾಲಿದವು.

ವರದರಾಜು ಬಾಯ್ಲರಿಗೆ ಸೌದೆ ಹಾಕುವವಳನ್ನು ಕರೆದು ಪಟ್ಟಿ ಓದಿದರು. “ನಿನ್ನ ಅಜಾಗ್ರತೆ ಒಂದನೇದು. ಸವೆದ ವಾಲ್ವು ಏಳನೇದು. ಹೆಬ್ಬೆಟ್ಟು ಒತ್ತಮ್ಮ.”

ಒತ್ತಿದರೆ ತಪ್ಪು ಅವಳದಾಗುತ್ತಿತ್ತು, ಕೆಲಸವೂ ಹೋಗುತ್ತಿತ್ತು.

“ಒತ್ತೋಣ ಸ್ವಾಮಿ. ನಾನೂ ಒಂದು ಜೋಡಿ ಕೇಳ್ಲಾ?”

“ಕೇಳು.”

“ಹೊಸ ವಾಲ್ವು, ಅದರ ಪಕ್ಕ ತೂಕಡಿಸ್ತಿರೋ ನಾನು. ಈ ಹಳೇ ವಾಲ್ವು, ಅದರ ಪಕ್ಕ ರೆಪ್ಪೆ ಮಿಟುಕಿಸದ ನಾನು. ನಿಮ್ಮ ಕುರ್ಚಿ ಯಾವುದರ ಹತ್ರ ಹಾಕ್ಲಿ?”

“ಹೊಸದರ ಹತ್ರ,” ಎಂದು ಬಾಯಿಂದ ಜಾರಿಯೇ ಹೋಯಿತು.

“ಹೊಸದು ಇಲ್ವಲ್ಲ! ಹಳೇದರ ಹತ್ರಾನೇ ಹಾಕ್ತೀನಿ. ಏಳನೇದಕ್ಕೆ ಹೆದರ್ತಾರಾ?”

ಕುರ್ಚಿ ತಂದೇ ಇಟ್ಟಳು. ವಾಲ್ವು ಬುಸ್ಸೆಂದಿತು. ನೂಲಿನ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಕೂತರೆ ಮೈ ಸುಡುತ್ತದೆ, ಕೂರದಿದ್ದರೆ ಮಾನ ಹೋಗುತ್ತದೆ. ವರದರಾಜು ಎರಡನ್ನೂ ತೂಗಿದರು. ಕಾಲು ಮಾತ್ರ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿತ್ತು. ಹದಿನೆಂಟು ವರ್ಷ ಊರೂರು ಸುತ್ತಿ ಕೊಟ್ಟ ಅಂಕಗಳೆಲ್ಲ ನೆನಪಾಗಿ ಅವರ ಕಿವಿ ಕೆಂಪಾಯಿತು.

ಪಟ್ಟಿ ಹರಿದರು. ಹೊಸ ಹಾಳೆಯಲ್ಲಿ ವಾಲ್ವನ್ನು ಮೊದಲು ಬರೆದರು.

“ಹೆಬ್ಬೆಟ್ಟು ಎಲ್ಲಿ ಒತ್ತಲಿ ಸ್ವಾಮಿ?”

“ನಿನ್ನದು ಬೇಡಮ್ಮ,” ಎಂದರು, ತಲೆ ಎತ್ತದೆ.

ಸಹಿಯನ್ನು ನಿಂತೇ ಹಾಕಿದರು.