ನೀಲಿ ಕೈಯ ಹುಡುಗಿ

“ಗುರುಗಳೇ, ಬಾವಿಗೆ ಬಿದ್ದ ಬಿಲ್ಲೆಗೆ ಏನು ಪರಿಹಾರ?” ಎಂದು ಶಿಷ್ಯ ತೋಂಟಪ್ಪ ಕೇಳಿದ.

ಆಶ್ರಮದಲ್ಲಿ ಸೋಮವಾರ ನಡೆದ ಘಟನೆ ಅದು. ಪ್ರಾಣಹಾನಿ ಆಗಿರಲಿಲ್ಲ. ತೋಂಟಪ್ಪನ ಆರು ವರ್ಷದ ಮಗಳು ಚೆನ್ನವ್ವ ಕುಂಟಾಬಿಲ್ಲೆ ಆಡಲೆಂದು ಹೆಂಚಿನ ಚೂರೊಂದನ್ನು ತೇಯ್ದು ತೇಯ್ದು ದುಂಡಗೆ ಮಾಡಿಟ್ಟುಕೊಂಡಿದ್ದಳು. ಅಡುಗೆಯವರ ಮಗ ಅದನ್ನು ಕಸಿದು ಬಾವಿಗೆ ಎಸೆದ. “ಬೇಕಾದ್ರೆ ಇಳಿದು ತಗೊಳ್ಳೇ, ಅಳುಬುರುಕಿ,” ಎಂದ. ಅವನ ಹಿಂದಿದ್ದ ಮಕ್ಕಳೆಲ್ಲ ನಕ್ಕರು. ಅಂದಿನಿಂದ ಚೆನ್ನವ್ವ ಅಂಗಳಕ್ಕೆ ಇಳಿದಿರಲಿಲ್ಲ.

ತೋಂಟಪ್ಪ ಕೈಕಟ್ಟಿ ಕೂತಿರಲಿಲ್ಲ. ಮನೆಯೊಳಗಿನ ನೆಲದ ಮೇಲೆ ಸುಣ್ಣದಲ್ಲಿ ಚೌಕ ಬರೆದು, ಪಂಚೆ ಎತ್ತಿ ಕಟ್ಟಿ, ತಾನೇ ಮಗಳ ಜೊತೆ ಕುಂಟುತ್ತಿದ್ದ. ಪ್ರಾಮಾಣಿಕವಾಗಿ ಸೋಲುತ್ತಲೂ ಇದ್ದ. ಆದರೆ ಹೊರಗೆ ಮಕ್ಕಳ ಕೂಗು ಕೇಳಿದಾಗಲೆಲ್ಲ ಮಗಳು ಎತ್ತಿದ ಕಾಲನ್ನು ಇಳಿಸುವುದನ್ನೂ ಮರೆತು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಅದನ್ನು ನೋಡಲಾಗದೆ ಅವನು ಗುರುಗಳ ಬಳಿಗೆ ಬಂದಿದ್ದ.

“ಅವಳಿಗೆ ಧೈರ್ಯ ಕೊಡುವುದು ಹೇಗೆ? ಇಲ್ಲವೇ ನೀವೇ ಆ ಹುಡುಗನಿಗೆ ಬುದ್ಧಿ ಹೇಳಿ.”

“ಹುಡುಗನಿಗೆ ಹೇಳುತ್ತೇನೆ. ಅದು ನನ್ನ ಕೆಲಸ,” ಎಂದರು ಗುರುಗಳು. “ನಿನ್ನ ಕೆಲಸಕ್ಕೆ ಒಂದು ಕತೆ ಕೇಳು.”

ಒಂದೂರಿನಲ್ಲಿ ಬಟ್ಟೆಗೆ ನೀಲಿ ಬಣ್ಣ ಹಾಕುವವನೊಬ್ಬನಿದ್ದ. ಬಣ್ಣದ ತೊಟ್ಟಿಯ ಬಳಿ ಆಡಿ ಆಡಿ ಅವನ ಪುಟ್ಟ ಮಗಳ ಕೈಗಳೂ ನೀಲಿಯಾಗಿದ್ದವು. ಸಂಜೆ ಬಯಲಿನಲ್ಲಿ ಊರಿನ ಮಕ್ಕಳು ಕೈ ಕೈ ಹಿಡಿದು ಸಾಲಾಗಿ ಸುತ್ತುವ ಆಟ ಆಡುತ್ತಿದ್ದರು. ಇವಳು ಹೋಗಿ ಕೈ ಚಾಚಿದಳು. “ಥೂ, ನೀಲಿ ಕೈ! ಮುಟ್ಟಬೇಡ್ರೋ, ಅಂಟ್ಕೊಳ್ಳತ್ತೆ,” ಎಂದು ಎಲ್ಲರೂ ದೂರ ಸರಿದರು.

ಅಪ್ಪ ಹುಣಸೆಹುಳಿ ಹಾಕಿ ಉಜ್ಜಿದ. ಸೀಗೆಪುಡಿ ಹಾಕಿ ಉಜ್ಜಿದ. ತೊಟ್ಟಿಯ ಹತ್ತಿರ ಸುಳಿಯಬೇಡ ಎಂದ. ಕೆಲವು ವಾರಗಳಲ್ಲಿ ಕೈ ಬೆಳ್ಳಗಾಯಿತು. ಹುಡುಗಿ ಬಯಲಿಗೆ ಓಡಿದಳು. ಮಕ್ಕಳು ಕೈ ನೋಡಿದರು, ಯೋಚಿಸಿದರು, ಆಮೇಲೆ “ತೊಟ್ಟಿ ವಾಸನೆ!” ಎಂದು ಮೂಗು ಮುಚ್ಚಿಕೊಂಡರು.

“ನೀನು ಹೋಗಲೇಬೇಡ. ಮನೆಯಲ್ಲೇ ಇರು,” ಎಂದ ಅಪ್ಪ.

ಅವಳು ಮನೆಯಲ್ಲೇ ಇದ್ದಳು. ಸಂಜೆಯಾದರೆ ಹಿತ್ತಿಲಿನಲ್ಲಿ ತನ್ನ ಎಡಗೈಯನ್ನು ತನ್ನ ಬಲಗೈಯಿಂದಲೇ ಹಿಡಿದುಕೊಂಡು ಒಬ್ಬಳೇ ಸುತ್ತುತ್ತಿದ್ದಳು. ಬಯಲಿನ ಹಾಡು ಅಲ್ಲಿಯವರೆಗೂ ಕೇಳುತ್ತಿತ್ತು.

ಒಂದು ದಿನ ರೈತನೊಬ್ಬ ಬಣ್ಣಕ್ಕೆ ಕೊಟ್ಟಿದ್ದ ಬಟ್ಟೆ ಒಯ್ಯಲು ಬಂದ. ಬಣ್ಣಗಾರ ಅವನೆದುರಿಗೇ ತೊಟ್ಟಿಯಿಂದ ಬಟ್ಟೆ ಎತ್ತಿದ. ಅದು ಹಸಿರಾಗಿತ್ತು.

“ಏನಯ್ಯಾ, ನೀಲಿ ಅಂದ್ರೆ ಎಲೆ ಬಣ್ಣ ಹಾಕಿದ್ದೀಯ?” ಎಂದ ರೈತ.

“ಎಷ್ಟು ಹೊತ್ತು ಮುಳುಗಿಸಿಟ್ಟರೂ ತೊಟ್ಟಿಯೊಳಗೆ ಬಟ್ಟೆ ನೀಲಿಯಾಗಲ್ಲ ಮಾರಾಯಾ. ಗಾಳಿ ತಾಗಬೇಕು. ಆ ಕೊನೆ ನೀನು ಹಿಡಿ, ಈ ಕೊನೆ ನಾನು ಹಿಡೀತೀನಿ.”

ಇಬ್ಬರೂ ಹಿಡಿದು ನಿಂತರು. ಬಟ್ಟೆ ನೋಡನೋಡುತ್ತಲೇ ನೀಲಿಯಾಯಿತು. ಬಣ್ಣಗಾರ ಅದನ್ನು ನೋಡಲಿಲ್ಲ. ಹಿತ್ತಿಲಿನಲ್ಲಿ ತನ್ನ ಕೈ ತಾನೇ ಹಿಡಿದು ಸುತ್ತುತ್ತಿದ್ದ ಮಗಳನ್ನು ನೋಡುತ್ತಿದ್ದ.

ಅಂದು ಸಂಜೆ ಅವನು ಮಗಳ ಪಕ್ಕದಲ್ಲಿ ಕೂತು, ಏನೇನು ಅಂದರು ಎಂದು ಮೊದಲ ಬಾರಿಗೆ ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಇಬ್ಬರೂ ಸೇರಿ ಒಂದು ಮಾತು ಹುಡುಕಿದರು. ಅದನ್ನು ಅವಳು ಹಿತ್ತಿಲಿನ ಎಮ್ಮೆಗೆ ಹೇಳಿ ಅಭ್ಯಾಸ ಮಾಡಿದಳು. ಎಮ್ಮೆ ವಿರೋಧಿಸಲಿಲ್ಲ.

ಮರುದಿನ ಅವನು ಬಯಲಿನ ಅಂಚಿನಲ್ಲಿ, ಅವಳಿಗೆ ಕಾಣುವಂತೆ, ಒಂದು ಕಲ್ಲಿನ ಮೇಲೆ ಕೂತ. ಹುಡುಗಿ ಹೋಗಿ ನಿಂತಳು. ಮಕ್ಕಳು ಮೂಗು ಮುಚ್ಚಿಕೊಂಡರು. ಅವಳು ಕಲ್ಲಿನ ಕಡೆ ತಿರುಗಿ ನೋಡಿದಳು. ಅಪ್ಪನಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಅವನು ಏಳಲಿಲ್ಲ. ತನ್ನ ನೀಲಿ ಕೈಯನ್ನು ಮೇಲೆತ್ತಿ ಹಿಡಿದ, ಅಷ್ಟೇ.

“ನಮ್ಮ ಮನೆ ಕೆಲಸದ ವಾಸನೆ ಇದು. ಹಂಗೆಲ್ಲ ಅನ್ನಬೇಡಿ. ನಾನೂ ಆಡ್ತೀನಿ,” ಎಂದಳು ಹುಡುಗಿ. ಎಮ್ಮೆಗೆ ಹೇಳಿದ್ದಕ್ಕಿಂತ ಮೆಲ್ಲಗೆ, ಆದರೆ ಪೂರ್ತಿ ಹೇಳಿದಳು.

ಮಕ್ಕಳು ಇನ್ನೂ ಜೋರಾಗಿ ನಕ್ಕರು. ಸಾಲಿನ ತುದಿಯಲ್ಲಿ ವ್ಯಾಪಾರಿಯೊಬ್ಬನ ಕಿರಿಮಗಳು ನಿಂತಿದ್ದಳು. ಅವಳಿಗೆ ತೊದಲು. ಅವಳನ್ನು ಯಾವಾಗಲೂ ತುದಿಗೇ ನಿಲ್ಲಿಸುತ್ತಿದ್ದರು. ಅವಳು ಸಾಲು ಬಿಟ್ಟು ಬಂದು ಕೈ ಚಾಚಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ತೋಂಟಪ್ಪ ಕಾದ. ಕತೆ ಮುಂದುವರಿಯುವ ಲಕ್ಷಣ ಕಾಣಲಿಲ್ಲ.

“ಆಮೇಲೆ ಉಳಿದವರು ನಗುವುದನ್ನು ನಿಲ್ಲಿಸಿದರೇ?” ಎಂದು ಅವನು ಕೇಳಿದ.

“ಇಲ್ಲ,” ಎಂದರು ಗುರುಗಳು. “ಅವರು ಕತ್ತಲಾಗುವವರೆಗೆ ನಕ್ಕರು, ಇವರಿಬ್ಬರು ಕತ್ತಲಾಗುವವರೆಗೆ ಆಡಿದರು.”